ನೀರಿನಲ್ಲಿ ಅದಕ್ಕೂ ಒಂದು ಸರದಿ



ನಮ್ಮ ಮಕ್ಕಳು ಮದ್ರಸಾದಲ್ಲಿ ಮೊದಮೊದಲು ಕಂಠಪಾಠ ಮಾಡುವ ಚಿಕ್ಕ ಅಧ್ಯಾಯಗಳಲ್ಲಿ ‘ಅಲ್-ಫೀಲ್’ ಒಂದು. ಫೀಲ್ ಎಂದರೆ ಆನೆ. ಐದೇ ಸೂಕ್ತಗಳ ಈ ಅಧ್ಯಾಯವನ್ನು ನಾವು ನಮಾಝಿನಲ್ಲಿ ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ಯಮನ್‌ನ ಅಬ್ರಹನು ಆನೆಯ ಸಮೇತ ದೊಡ್ಡ ಸೈನ್ಯ ಕಟ್ಟಿಕೊಂಡು ಕಅಬಾವನ್ನು ಕೆಡವಲು ಹೊರಟದ್ದೂ, ಅಲ್ಲಾಹನು ಹಕ್ಕಿಗಳ ಹಿಂಡುಗಳನ್ನು ಕಳಿಸಿ ಆ ಸೈನ್ಯವನ್ನು ನಾಶಪಡಿಸಿದ್ದೂ ನಮಗೆಲ್ಲ ಗೊತ್ತು. ಆದರೆ ಒಂದು ವಿಷಯವನ್ನು ನಾವು ಗಮನಿಸುವುದಿಲ್ಲ. ಅಲ್ಲಿ ದೋಷಿಗಳಾಗಿ ಹೆಸರಿಸಲ್ಪಟ್ಟವರು ಆನೆಯವರೇ ಹೊರತು ಆನೆಯಲ್ಲ. ಪ್ರವಾದಿ ಚರಿತ್ರೆಯ ಗ್ರಂಥಗಳು ಹೇಳುವಂತೆ, ಮಕ್ಕಾದ ಕಡೆಗೆ ಮುಖ ಮಾಡಿಸಿದಾಗ ಆ ಆನೆ ಕುಳಿತುಬಿಟ್ಟಿತು. ಹೊಡೆದರೂ ತಿವಿದರೂ ಏಳಲಿಲ್ಲ. ಬೇರೆ ದಿಕ್ಕಿಗೆ ತಿರುಗಿಸಿದಾಗ ಎದ್ದು ನಡೆಯಿತು. ಮನುಷ್ಯ ಮರೆತಿದ್ದ ಮೇರೆಯನ್ನು ಮೂಕಪ್ರಾಣಿ ಮರೆತಿರಲಿಲ್ಲ.

ಇಂದು ನಮ್ಮ ನಾಡಿನಲ್ಲಿ ಆನೆ ಮೇರೆ ದಾಟಿ ಊರಿಗೆ ಬಂತೆಂದು ಪ್ರತಿದಿನ ಪತ್ರಿಕೆಯಲ್ಲಿ ಓದುತ್ತೇವೆ. ಮೇರೆ ದಾಟಿದ್ದು ಯಾರು ಎಂಬುದನ್ನು ಇಂದು ಸ್ವಲ್ಪ ಆಲೋಚಿಸೋಣ.

ಕೊಡಗಿನ ವಿರಾಜಪೇಟೆ, ಸಿದ್ದಾಪುರ, ಸೋಮವಾರಪೇಟೆ, ಹಾಸನದ ಆಲೂರು, ಸಕಲೇಶಪುರ, ಬೇಲೂರು, ಚಿಕ್ಕಮಗಳೂರಿನ ಮೂಡಿಗೆರೆ, ಮೈಸೂರಿನ ಹೆಗ್ಗಡದೇವನಕೋಟೆ, ಚಾಮರಾಜನಗರದ ಗುಂಡ್ಲುಪೇಟೆ ಇಲ್ಲೆಲ್ಲ ವಾಸಿಸುವ ವಾಚಕರಿಗೆ ಆನೆ ಎಂದರೇನೆಂದು ನಾನು ವಿವರಿಸಬೇಕಾಗಿಲ್ಲ. ಕತ್ತಲಲ್ಲೇ ಸುಬ್‌ಹ್ ನಮಾಝಿಗೆ ಹೊರಡುವ ಹಿರಿಯರಿಗೆ, ಬೆಳಗಿನ ಮಂಜಿನಲ್ಲಿ ಮದ್ರಸಾಕ್ಕೆ ನಡೆಯುವ ಮಕ್ಕಳಿಗೆ, ಕಾಫಿ ತೋಟದ ಕೂಲಿಗೆ ಹೋಗುವ ತಾಯಂದಿರಿಗೆ ಅದು ದಿನನಿತ್ಯದ ಭಯ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 500 ಮಂದಿ ಆನೆಯ ಕಾಲಿಗೆ ಸಿಕ್ಕಿ ಸಾಯುತ್ತಾರೆ. ಸಾಯುವವರಲ್ಲಿ ಹೆಚ್ಚಿನವರು ಬಡವರು. ನಡೆದು ಹೋಗುವವರು, ಕಾವಲು ಕಾಯುವವರು, ಹೊತ್ತು ಮೂಡುವ ಮುನ್ನ ಕೆಲಸಕ್ಕೆ ಹೊರಡುವವರು. ಅಂತಹ ಮನೆಯ ಅಂಗಳದಲ್ಲಿ ನಿಂತು ಆನೆಯ ಹಕ್ಕಿನ ಬಗ್ಗೆ ಮಾತಾಡುವುದು ಸುಲಭವಲ್ಲ. ಮನುಷ್ಯನ ಜೀವ ಅಲ್ಲಾಹನ ಬಳಿ ಎಷ್ಟು ಅಮೂಲ್ಯವೆಂದು ಬಲ್ಲವನು ಆ ಸಂಕಟವನ್ನು ಹಗುರವಾಗಿ ಕಾಣಲಾರ. ಆದರೂ ಸತ್ಯವಿಶ್ವಾಸಿಗೆ ನ್ಯಾಯದ ಮಾತನ್ನು ತನ್ನ ನಷ್ಟದ ಹೊತ್ತಿನಲ್ಲೂ ಆಡುವ ಹೊಣೆಯಿದೆ. ಆದ್ದರಿಂದ ಈ ಲೇಖನ.

ಸಾಲಿಹ್ ಪ್ರವಾದಿಯ ಒಂಟೆ

ಸಮೂದ್ ಜನಾಂಗದ ಕಥೆಯನ್ನು ನೆನಪಿಸಿಕೊಳ್ಳಿ. ಬಂಡೆಗಳನ್ನು ಕೊರೆದು ಮನೆಗಳನ್ನು ಮಾಡಿಕೊಂಡ, ತೋಟಗಳೂ ಚಿಲುಮೆಗಳೂ ಇದ್ದ ಸಮೃದ್ಧ ಜನಾಂಗ ಅದು. ಅವರ ಬಳಿಗೆ ಅಲ್ಲಾಹನು ಪ್ರವಾದಿ ಸಾಲಿಹ್(ಅ)ರನ್ನು ಕಳಿಸಿದನು. ಒಂದು ಹೆಣ್ಣೊಂಟೆಯನ್ನು ದೃಷ್ಟಾಂತವಾಗಿ ಅವರ ಮುಂದಿಟ್ಟನು. ಪರೀಕ್ಷೆ ಏನಾಗಿತ್ತು? ಬಹಳ ಸರಳವಾಗಿತ್ತು. ನೀರು ಹಂಚಿಕೊಳ್ಳಬೇಕು. ಒಂದು ದಿನ ಒಂಟೆಯ ಸರದಿ, ಇನ್ನೊಂದು ದಿನ ಅವರ ಸರದಿ. ಅಲ್ಲಾಹನ ಭೂಮಿಯಲ್ಲಿ ಅದು ಮೇಯಲಿ, ಅದಕ್ಕೆ ಕೆಡುಕು ಮಾಡಬೇಡಿ ಎಂದಷ್ಟೇ ಪ್ರವಾದಿಯವರು ಅವರಿಗೆ ಆಜ್ಞಾಪಿಸಿದ್ದರು. ಅಷ್ಟು ದೊಡ್ಡ ಜನಾಂಗದ ಅಳಿವು-ಉಳಿವು ಒಂದು ಮೂಕಪ್ರಾಣಿಗೆ ಅದರ ಪಾಲಿನ ನೀರು ಬಿಡುತ್ತಾರೋ ಇಲ್ಲವೋ ಎಂಬುದರ ಮೇಲೆ ನಿಂತಿತ್ತು!

ಅವರು ಬಿಡಲಿಲ್ಲ. ಒಂಟೆಯ ಕಾಲು ಕಡಿದು ಕೊಂದರು. ಅವರ ಕೋಟೆಯಂತಹ ಮನೆಗಳು ಅವರನ್ನು ಉಳಿಸಲಿಲ್ಲ.

ಇದನ್ನು ಹಳೆಯ ಕಾಲದ ಒಂದು ಪವಾಡದ ಕಥೆ ಎಂದು ಓದಿ ಮುಂದೆ ಹೋಗುವವರಿದ್ದಾರೆ. ಆದರೆ ಕುರ್‌ಆನಿನಲ್ಲಿ ಕಥೆಗಳು ಬಂದಿರುವುದು ಕಾಲಕ್ಷೇಪಕ್ಕಲ್ಲ. ಭೂಮಿಯಲ್ಲಿ ನಡೆಯುವ ಪ್ರಾಣಿಗಳೂ ರೆಕ್ಕೆ ಬಡಿದು ಹಾರುವ ಹಕ್ಕಿಗಳೂ ನಿಮ್ಮಂತೆಯೇ ಇರುವ ಸಮುದಾಯಗಳು ಎಂದು ಅಲ್ಲಾಹನು ತಿಳಿಸಿದ್ದಾನೆ (ಅಲ್-ಅನ್‌ಆಮ್: 38). ಭೂಮಿಯನ್ನು ಸಕಲ ಜೀವಿಗಳಿಗಾಗಿ ಹಾಸಿದ್ದಾನೆಂದು ಸೂರಃ ಅರ್‍ರಹ್ಮಾನ್‌ನಲ್ಲಿ ಹೇಳಿದ್ದಾನೆ. ಸಂಚರಿಸುವ ಪ್ರತಿಯೊಂದು ಜೀವಿಯ ಅನ್ನಾಧಾರ ಅವನ ಹೊಣೆಯೆಂದೂ ತಿಳಿಸಿದ್ದಾನೆ (ಹೂದ್: 6). ಹಾಗಿದ್ದರೆ ಆನೆಯ ಅನ್ನವನ್ನು ಅಲ್ಲಾಹನು ಎಲ್ಲಿಟ್ಟಿದ್ದಾನೆ? ಕಾಡಿನ ಬಿದಿರಿನಲ್ಲಿ, ಹುಲ್ಲಿನಲ್ಲಿ, ಮರದ ತೊಗಟೆಯಲ್ಲಿ, ಹೊಳೆಯ ದಡದಲ್ಲಿ. ಆ ತಟ್ಟೆಯನ್ನು ಎಳೆದುಕೊಂಡವರು ಯಾರು?

ಕಾಡಿಗೆ ಏನಾಯಿತು?

ಬೆಳೆದ ಆನೆಗೆ ದಿನಕ್ಕೆ 150 ಕಿಲೋಗೂ ಹೆಚ್ಚು ಮೇವು ಬೇಕು. 100 ಲೀಟರಿಗೂ ಮಿಕ್ಕಿ ನೀರು ಬೇಕು. ಆದ್ದರಿಂದಲೇ ಅದು ಒಂದೆಡೆ ನಿಲ್ಲುವ ಪ್ರಾಣಿಯಲ್ಲ. ಒಂದು ಕಡೆ ಮೇದು, ಅಲ್ಲಿ ಚಿಗುರುವಷ್ಟು ಹೊತ್ತಿಗೆ ಇನ್ನೊಂದು ಕಡೆಗೆ ಹೋಗುವುದು ಅದರ ಸ್ವಭಾವ. ಹಿಂಡಿನ ಮುಂದೆ ವಯಸ್ಸಾದ ಹೆಣ್ಣಾನೆ ನಡೆಯುತ್ತದೆ. ಯಾವ ತಿಂಗಳು ಯಾವ ಕಣಿವೆಯಲ್ಲಿ ನೀರಿರುತ್ತದೆ, ಯಾವ ದಾರಿಯಲ್ಲಿ ಹೋಗಬೇಕು ಎಂಬುದು ಅದಕ್ಕೆ ತನ್ನ ತಾಯಿಯಿಂದ ಬಂದ ತಿಳಿವಳಿಕೆ. ಸುಮಾರು 22 ತಿಂಗಳು ಗರ್ಭ ಹೊತ್ತು ಒಂದು ಮರಿ ಹಾಕುವ ಆ ತಾಯಿ, ಮುಂದಿನ ಮರಿಗೆ ಮತ್ತೆ ನಾಲ್ಕೈದು ವರ್ಷ ಕಾಯುತ್ತದೆ. ಒಂದು ಆನೆ ಸತ್ತರೆ ಆ ಜಾಗ ತುಂಬಲು ಎಷ್ಟು ಕಾಲ ಬೇಕೆಂದು ಇದರಿಂದ ಊಹಿಸಬಹುದು.

ಕರ್ನಾಟಕದಲ್ಲಿ 2017ರ ಗಣತಿಯಂತೆ 6,049 ಆನೆಗಳಿದ್ದವು. 2023ರ ಗಣತಿಯ ಅಂದಾಜು 6,395. ಸಂಖ್ಯೆ ಕೇಳಿ ಎಲ್ಲ ಸರಿಯಾಗಿದೆ ಎಂದು ಭಾವಿಸಬೇಡಿ. ಆನೆ ಉಳಿದಿದೆ, ಅದರ ದಾರಿ ಉಳಿದಿಲ್ಲ. ತಲೆಗಳನ್ನು ಎಣಿಸಿದರೆ ಸಾಲದು, ಆ ತಲೆಗಳಿಗೆ ನಡೆಯಲು ಜಾಗವಿದೆಯೇ ಎಂದೂ ನೋಡಬೇಕು.

1970 ಮತ್ತು 80ರ ದಶಕಗಳಲ್ಲಿ ಕಾವೇರಿಯ ಉಪನದಿಗಳಾದ ಕಬಿನಿ, ಹೇಮಾವತಿ, ಹಾರಂಗಿಗಳಿಗೆ ಅಣೆಕಟ್ಟುಗಳು ಬಂದವು. 1971ರಲ್ಲಿ ಕೊನೆಯ ಖೆಡ್ಡಾ ನಡೆದ ಕಾಕನಕೋಟೆಯ ಕಾಡಿನ ಬಹುಭಾಗ ಕಬಿನಿಯ ಹಿನ್ನೀರಿನಡಿ ಹೋಯಿತು. ಹಿನ್ನೀರಿನ ಬಳಿಕ ಕಾಲುವೆಗಳು, ಕಾಲುವೆಗಳ ಬಳಿಕ ಗದ್ದೆಗಳು, ಗದ್ದೆಗಳ ಬಳಿಕ ಊರುಗಳು. ಅಣೆಕಟ್ಟು ಕಟ್ಟಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ನೀರಿನ ಅನ್ನವನ್ನು ನಾವೂ ಉಣ್ಣುತ್ತಿದ್ದೇವೆ. ಆದರೆ ಉಣ್ಣುವವನಿಗೆ ಲೆಕ್ಕ ಗೊತ್ತಿರಬೇಕು. ನಮ್ಮ ತಟ್ಟೆಯ ಅನ್ನದಲ್ಲಿ ಯಾರೋ ಬಿಟ್ಟುಕೊಟ್ಟ ಪಾಲಿದೆ. ಬಿಟ್ಟುಕೊಟ್ಟವರನ್ನು ಯಾರೂ ಕೇಳಿರಲಿಲ್ಲ.

ಮಲೆನಾಡಿಗೆ ಕಾಫಿ ಬಂತು. ಬಾಬಾ ಬುಡನ್ ಯಮನ್‌ನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬ ಐತಿಹ್ಯ ನಮಗೆಲ್ಲ ಗೊತ್ತಿದೆ. ಮುಂದೆ ಬ್ರಿಟಿಷರ ಕಾಲದಲ್ಲಿ ಅದು ಬೆಟ್ಟ ಬೆಟ್ಟಗಳನ್ನು ವ್ಯಾಪಿಸಿತು. ನೆರಳಿನ ದೊಡ್ಡ ಮರಗಳಿರುವ ಕಾಫಿ ತೋಟ ಆನೆಯ ಕಣ್ಣಿಗೆ ಕಾಡಿನಂತೆಯೇ ಕಾಣುತ್ತದೆ. ಅಲ್ಲಿ ಹಲಸು ಇದೆ, ಕೆರೆ ಇದೆ, ಹಗಲಿನಲ್ಲಿ ಮರೆಯಾಗಿ ನಿಲ್ಲಲು ತಂಪಿದೆ. ಕೊಡಗಿನಲ್ಲಿ ಆನೆಯ ಲದ್ದಿಯಲ್ಲಿ ಕಾಫಿ ಬೀಜಗಳೇ ಸಿಕ್ಕಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ತೋಟದಲ್ಲೇ ಹುಟ್ಟಿ ತೋಟದಲ್ಲೇ ಬೆಳೆದ ಮರಿಗೆ ಅದೇ ತವರು. ಅದಕ್ಕೆ ‘ಹೊರಗಿನಿಂದ ಬಂದ ಆನೆ’ ಎನ್ನುವ ನಮ್ಮ ಮಾತು ಅರ್ಥವಾಗುವುದಾದರೂ ಹೇಗೆ?

ಇತ್ತ ಕಾಡಿನೊಳಗೂ ಕಾಡು ಮೊದಲಿನಂತಿಲ್ಲ. ಬ್ರಿಟಿಷರು ಅಲಂಕಾರಕ್ಕೆಂದು ತಂದ ಲಂಟಾನಾ ಬಂಡೀಪುರದ ಬಹುಭಾಗವನ್ನು ಮುಚ್ಚಿಬಿಟ್ಟಿದೆ. ಅದರಡಿ ಹುಲ್ಲು ಏಳುವುದಿಲ್ಲ, ಆನೆ-ಕಾಟಿಗಳು ಅದನ್ನು ಮೇವಾಗಿ ತಿನ್ನುವುದಿಲ್ಲ. ಬೇಸಿಗೆಯಲ್ಲಿ ಒಣಗಿದ ಪೊದೆಗೆ ಕಿಡಿ ಬಿದ್ದರೆ ಎಣ್ಣೆ ಸುರಿದಂತೆ ಉರಿಯುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋದದ್ದನ್ನು ನೀವು ಮರೆತಿರಲಾರಿರಿ. ಮಳೆಯೂ ಮೊದಲಿನ ಮಳೆಯಲ್ಲ. ಭೂಮಿಯ ಶಾಖ ಏರುತ್ತಿದೆ. ಬರಬೇಕಾದಾಗ ಬಾರದೆ, ಬಂದಾಗ ಬೆಟ್ಟವನ್ನೇ ಕುಸಿಯುವಂತೆ ಸುರಿಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗು ಕುಸಿಯಿತು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 220ಕ್ಕೂ ಹೆಚ್ಚು ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ನಮಗೆ ಬರ ಬಂದರೆ ಟ್ಯಾಂಕರ್ ಬರುತ್ತದೆ, ಅರ್ಜಿ ಬರೆಯಲು ಕಚೇರಿಯಿದೆ. ಕಾಡಿನ ಹೊಂಡ ಒಣಗಿದರೆ ಆನೆ ಯಾರಿಗೆ ಅರ್ಜಿ ಬರೆಯಬೇಕು? ಅದಕ್ಕೆ ಗೊತ್ತಿರುವುದು ಒಂದೇ, ನೀರಿನ ವಾಸನೆ ಹಿಡಿದು ನಡೆಯುವುದು. ಆ ದಾರಿಯ ಕೊನೆಯಲ್ಲಿ ನಮ್ಮ ತೋಟದ ಕೆರೆ ಇರುತ್ತದೆ.

ಮನುಷ್ಯರ ಕೈಗಳು ಗಳಿಸಿದುದರ ಫಲವಾಗಿ ನೆಲದಲ್ಲೂ ಕಡಲಲ್ಲೂ ಕ್ಷೋಭೆ ಪ್ರಕಟವಾಯಿತೆಂದೂ, ಅವರು ಮರಳಿ ಬರಲೆಂದು ತಮ್ಮ ಕರ್ಮದ ಸ್ವಲ್ಪ ರುಚಿಯನ್ನು ಅವರಿಗೆ ಉಣಿಸಲಾಗುತ್ತದೆಂದೂ ಸೂರಃ ಅರ್‍ರೂಮ್‌ನ 41ನೇ ಸೂಕ್ತ ತಿಳಿಸುತ್ತದೆ. ತೋಟದ ಬೇಲಿ ಮುರಿದ ಸದ್ದು ಕೇಳಿದಾಗ ಈ ಸೂಕ್ತ ನೆನಪಾಗಬೇಕು.

ಹಿಡಿದು ಸಾಗಿಸಿದರೆ ಮುಗಿಯಿತೇ?

‘ಎಲ್ಲ ಆನೆಗಳನ್ನೂ ಹಿಡಿದು ದೂರ ಸಾಗಿಸಲಿ’ ಎನ್ನುವವರಿದ್ದಾರೆ. ಸಂಕಟದಲ್ಲಿರುವವರ ಈ ಮಾತನ್ನು ತಪ್ಪೆನ್ನಲಾಗದು. ಮನುಷ್ಯರನ್ನು ಕೊಲ್ಲುತ್ತಿರುವ ಆನೆಯನ್ನು ಹಿಡಿಯಲೇಬೇಕಾದ ಸಂದರ್ಭಗಳೂ ಇವೆ. ಪ್ರೊಫೆಸರ್ ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ ಹೈಕೋರ್ಟ್ ರಚಿಸಿದ್ದ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಬಳಿಕ 2014ರಲ್ಲಿ ಆಲೂರು ಭಾಗದಿಂದ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿಯಲಾಯಿತು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ತೊಟ್ಟಿ ತುಂಬಿ ಚೆಲ್ಲುತ್ತಿರುವಾಗ ನೆಲ ಒರೆಸಿದರೆ ಎಷ್ಟು ಹೊತ್ತು ಒಣಗಿರುತ್ತದೆ?

ಹಿಡಿಯುವ ಕೆಲಸಕ್ಕೂ ಬೆಲೆಯಿದೆ. ಮೈಸೂರು ದಸರಾದಲ್ಲಿ 2012ರಿಂದ 2019ರ ತನಕ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನನೆಂಬ ಆನೆಯನ್ನು ನೀವು ಬಲ್ಲಿರಿ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನ ಯಸಳೂರಿನಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ಅದು ಕಾಡಾನೆಯ ತಿವಿತಕ್ಕೆ ಸಿಕ್ಕಿ ಸತ್ತಿತು. ಮನುಷ್ಯನ ಜಗಳವನ್ನು ತೀರಿಸಲು ಹೋಗಿ ಸತ್ತದ್ದು ಮನುಷ್ಯನಿಗೆ ವಿಧೇಯವಾಗಿದ್ದ ಪ್ರಾಣಿ. ಮಾವುತರ ಕುಟುಂಬಗಳಲ್ಲಿ ಈ ನೋವು ಏನೆಂದು ಅರಿತವರು ನಮ್ಮ ಸಮುದಾಯದಲ್ಲೂ ಇದ್ದಾರೆ. ಶಿವಮೊಗ್ಗದ ಸಕ್ರೆಬೈಲು ಬಿಡಾರದಲ್ಲಿ ತಲೆಮಾರುಗಳಿಂದ ಆನೆ ನೋಡಿಕೊಂಡು ಬಂದ ಮುಸ್ಲಿಮ್ ಮಾವುತರಿದ್ದಾರೆ. ಆನೆ ಮಗುವಿನಂತೆ ಮುನಿಯುವುದನ್ನೂ, ಸಂಗಾತಿ ಸತ್ತರೆ ಮೇವು ಬಿಡುವುದನ್ನೂ ಕಂಡವರು ಅವರು. ಅವರ ಬಳಿ ಕೇಳಿ ನೋಡಿ.

ಪ್ರವಾದಿವರ್ಯರು(ಸ) ಒಬ್ಬ ಅನ್ಸಾರಿಯ ತೋಟಕ್ಕೆ ಹೋದಾಗ ಅಲ್ಲಿದ್ದ ಒಂಟೆ ಅವರನ್ನು ಕಂಡು ನರಳಿ ಕಣ್ಣೀರು ಸುರಿಸಿದ್ದು ಹದೀಸ್‌ಗಳಲ್ಲಿ ಬಂದಿದೆ. ಅವರು ಅದರ ತಲೆ ನೇವರಿಸಿ ಸಮಾಧಾನಪಡಿಸಿದರು. ಒಡೆಯನನ್ನು ಕರೆಸಿ, ಹಸಿವೆಗೆಡವಿ ದಣಿಸುತ್ತೀಯೆಂದು ಇದು ನನ್ನಲ್ಲಿ ದೂರಿತು, ಅಲ್ಲಾಹನನ್ನು ಭಯಪಡು ಎಂದು ಎಚ್ಚರಿಸಿದರು. ಇದು ಒಡೆಯನಿರುವ ಪ್ರಾಣಿಯ ಮಾತಾಯಿತು. ಕಾಡಿನ ಪ್ರಾಣಿಗೆ ಒಡೆಯ ಯಾರು? ಅಲ್ಲಾಹನೇ. ಅದರ ದೂರು ನೇರವಾಗಿ ಅವನ ಸನ್ನಿಧಿಗೇ ಹೋಗುತ್ತದೆ.

ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿದ ಹೆಂಗಸಿನ ಹದೀಸ್ ನಮಗೆಲ್ಲ ಬಾಯಿಪಾಠ. ಆದರೆ ಅದರಲ್ಲಿ ಎರಡು ಮಾತಿದೆ. ಅವಳು ಅದಕ್ಕೆ ತಿನ್ನಲು ಕೊಡಲಿಲ್ಲ ಎಂಬುದು ಒಂದು. ಭೂಮಿಯಲ್ಲಿ ತಾನೇ ಹುಡುಕಿ ತಿನ್ನಲೆಂದು ಬಿಡಲೂ ಇಲ್ಲ ಎಂಬುದು ಇನ್ನೊಂದು. ಈ ಎರಡನೆಯ ಮಾತಿನ ಮೇಲೆ ಸ್ವಲ್ಪ ನಿಲ್ಲಿ. ಸುತ್ತಲೂ ಕಂದಕ, ಹಳಿಯ ಬೇಲಿ, ತಂತಿ, ರಸ್ತೆ, ಹೋಮ್‌ಸ್ಟೇ ಎಬ್ಬಿಸಿ, ಒಂದು ಪ್ರಾಣಿ ಹಿಂದಕ್ಕೂ ಹೋಗಲಾಗದೆ ಮುಂದಕ್ಕೂ ಹೋಗಲಾಗದೆ ನಿಲ್ಲುವಂತೆ ಮಾಡಿದರೆ ಅದು ಯಾವ ಬಗೆಯ ಕಟ್ಟಿಹಾಕುವಿಕೆ? ಹಗ್ಗ ಕಾಣುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಒಬ್ಬ ಕಡಿದ, ಎಲ್ಲರೂ ಹೊಣೆಯಾದರು

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ನಮ್ಮ ದೇಶದಲ್ಲಿ ಆನೆಗಳ ಅಸಹಜ ಸಾವುಗಳಿಗೆ ಅತಿ ದೊಡ್ಡ ಕಾರಣ ವಿದ್ಯುತ್ ಸ್ಪರ್ಶ. ಜೋತುಬಿದ್ದ ತಂತಿಗಳಿಂದ ಕೆಲವು ಸಾಯುತ್ತವೆ. ಆದರೆ ಹಲವು ಸಾವುಗಳಿಗೆ ಕಾರಣ, ಬೆಳೆಯ ರಕ್ಷಣೆಗೆಂದು ಬೇಲಿಗೆ ನೇರವಾಗಿ ಹರಿಸಿದ ಮನೆಯ ಅಥವಾ ಪಂಪ್‌ಸೆಟ್ಟಿನ ಕರೆಂಟು. ಸೋಲಾರ್ ಬೇಲಿ ಬಿಟ್ಟು ಬಿಟ್ಟು ಹೊಡೆಯುವ ಲಘು ಆಘಾತದಿಂದ ಪ್ರಾಣಿಯನ್ನು ಹೆದರಿಸಿ ಹಿಂದಟ್ಟುತ್ತದೆ, ಕೊಲ್ಲುವುದಿಲ್ಲ. ನೇರ ಸಂಪರ್ಕದ ತಂತಿ ಮಾತ್ರ ಮುಟ್ಟಿದವರನ್ನು ಬಿಡುವುದಿಲ್ಲ. ಅದಕ್ಕೆ ಆನೆ ಯಾವುದು, ಹಸು ಯಾವುದು, ಕತ್ತಲಲ್ಲಿ ದಾರಿ ತಪ್ಪಿದ ಪಕ್ಕದ ಮನೆಯ ಹುಡುಗ ಯಾರು ಎಂಬುದು ತಿಳಿಯದು.

ಇದು ಧರ್ಮಸಮ್ಮತವೇ? ಮೈಮೇಲೆ ಬೀಳುವ ಪ್ರಾಣಿಯಿಂದ ಜೀವವನ್ನೂ ಸೊತ್ತನ್ನೂ ಕಾಪಾಡಿಕೊಳ್ಳಲು ಶರೀಅತ್ ಅನುಮತಿಸಿದೆ. ಅದರಲ್ಲಿ ಸಂಶಯವಿಲ್ಲ. ಆದರೆ ನಮ್ಮ ಫಿಕ್‌ಹ್ ಗ್ರಂಥಗಳು ಅದಕ್ಕೊಂದು ಕ್ರಮ ಹಾಕಿವೆ. ಹಗುರವಾದ ಉಪಾಯದಿಂದ ತಡೆಯಲು ಸಾಧ್ಯವಿರುವಾಗ ಕಠಿಣವಾದುದಕ್ಕೆ ಕೈಹಾಕುವಂತಿಲ್ಲ. ಕೂಗಿ ಓಡಿಸಬಹುದಾದರೆ ಹೊಡೆಯುವಂತಿಲ್ಲ, ಹೊಡೆದು ಓಡಿಸಬಹುದಾದರೆ ಕೊಲ್ಲುವಂತಿಲ್ಲ. ಎದುರಿಗೆ ಬಂದ ಅಪಾಯವನ್ನು ತಡೆಯುವುದು ಒಂದು. ಬರಬಹುದಾದ ಯಾವುದೋ ಜೀವಕ್ಕೆ ಕತ್ತಲಲ್ಲಿ ಮರಣವನ್ನು ಕಟ್ಟಿಟ್ಟು ಮನೆಯೊಳಗೆ ಮಲಗುವುದು ಇನ್ನೊಂದು. ಮೊದಲನೆಯದು ರಕ್ಷಣೆ. ಎರಡನೆಯದು ಕೊಲೆಗೆ ಹೊಂಚು. ಅದರ ಮೇಲೆ ಕದ್ದ ಕರೆಂಟಾದರೆ ಕಳವಿನ ಪಾಪವೂ ಸೇರುತ್ತದೆ.

‘ಹಾಗೆ ಮಾಡುವವನು ಊರಿಗೊಬ್ಬ. ನಮಗೇನು?’ ಎನ್ನುವಿರಾ? ಸಮೂದರ ಕಥೆಯಲ್ಲಿ ಒಂದು ಸೂಕ್ಷ್ಮವಿದೆ. ಸೂರಃ ಅಲ್-ಕಮರ್‌ನಲ್ಲಿ, ಅವರು ತಮ್ಮ ಸಂಗಡಿಗನನ್ನು ಕರೆದರು, ಅವನು ಕಾಲು ಕಡಿದನು ಎಂದು ಏಕವಚನದಲ್ಲಿದೆ. ಅದೇ ಘಟನೆಯನ್ನು ಸೂರಃ ಅಶ್ಶಮ್ಸ್ ಬಹುವಚನದಲ್ಲಿ ಹೇಳುತ್ತದೆ, ಕಡಿದವರು ಅವರೆಲ್ಲರೂ ಎಂಬಂತೆ. ವಿದ್ವಾಂಸರು ಇದನ್ನು ಹೀಗೆ ವಿವರಿಸಿದ್ದಾರೆ: ಕತ್ತಿ ಬೀಸಿದ ಕೈ ಒಂದೇ, ಆದರೆ ಉಳಿದವರು ಮೆಚ್ಚಿದರು, ಒಪ್ಪಿದರು, ತಡೆಯದೆ ನಿಂತರು. ಆದ್ದರಿಂದ ಅಪರಾಧವೂ ಎಲ್ಲರದಾಯಿತು, ಶಿಕ್ಷೆಯೂ ಎಲ್ಲರದಾಯಿತು. ಯಾರ ಬೇಲಿಗೆ ಕರೆಂಟು ಹರಿಯುತ್ತದೆ, ಯಾರು ಉರುಳು ಹಾಕುತ್ತಾರೆ, ಯಾರು ಹಂದಿಗೆ ಸಿಡಿಮದ್ದು ಇಡುತ್ತಾರೆ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿದ್ದೂ ಚಹಾದಂಗಡಿಯಲ್ಲಿ ನಕ್ಕು ಸುಮ್ಮನಾಗುವವರು ಯಾವ ವಚನದಲ್ಲಿ ಸೇರುತ್ತಾರೆಂದು ಸ್ವತಃ ನಿರ್ಧರಿಸಲಿ.

2020ರ ಮೇ ತಿಂಗಳಲ್ಲಿ ಕೇರಳದಲ್ಲಿ ಗರ್ಭಿಣಿ ಆನೆಯೊಂದು ಸಿಡಿಮದ್ದು ತುಂಬಿದ ಹಣ್ಣನ್ನು ಕಚ್ಚಿ, ಬಾಯಿ ಛಿದ್ರವಾಗಿ, ಹಸಿವಿನಿಂದ ಅಲೆದು, ಕೊನೆಗೆ ನೋವು ತಣಿಸಲು ಹೊಳೆಯ ನೀರಿನಲ್ಲಿ ನಿಂತು ನಿಂತೇ ಸತ್ತಿತು. ಘಟನೆ ನಡೆದದ್ದು ಪಾಲಕ್ಕಾಡ್ ಜಿಲ್ಲೆಯಲ್ಲಿ. ಆದರೆ ಕೆಲವರು ಅದನ್ನು ಮಲಪ್ಪುರಂ ಎಂದು ಪ್ರಚಾರ ಮಾಡಿ, ಒಂದು ಸಮುದಾಯದ ತಲೆಗೆ ಕಟ್ಟಲು ನೋಡಿದರು. ಅದು ಅನ್ಯಾಯವೇ. ನಮ್ಮವರು ಅದನ್ನು ಖಂಡಿಸಿದ್ದೂ ಸರಿಯೇ. ಆದರೆ ಆ ಗದ್ದಲದಲ್ಲಿ ನಾವು ಜಿಲ್ಲೆಯ ಹೆಸರು ತಿದ್ದಿ ಸುಮ್ಮನಾದೆವು. ಆನೆಯನ್ನು ಮರೆತೆವು. ನಾಳೆ ಅಲ್ಲಾಹನ ಮುಂದೆ ಪ್ರಶ್ನೆ ಜಿಲ್ಲೆಯದ್ದಾಗಿರುವುದಿಲ್ಲ. 2025ರ ಜೂನ್‌ನಲ್ಲಿ ನಮ್ಮದೇ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ವಿಷ ಬೆರೆಸಿದ ಹಸುವಿನ ಕಳೇಬರ ತಿಂದು ಸತ್ತವು. ಯಾವ ಜಾತಿ, ಯಾವ ಮತ ಎಂದು ಕೇಳುವ ಮುನ್ನ, ಇಂತಹ ಸೇಡು ನಮ್ಮ ಮನಸ್ಸಿನಲ್ಲೂ ಇದೆಯೇ ಎಂದು ಕೇಳಿಕೊಳ್ಳುವುದು ವಿಶ್ವಾಸಿಯ ರೀತಿ. ವ್ಯರ್ಥವಾಗಿ ಕೊಲ್ಲಲ್ಪಟ್ಟ ಗುಬ್ಬಚ್ಚಿಯೂ ಅಂತ್ಯದಿನದಂದು ದೂರು ಹೇಳುವುದೆಂದು ಹದೀಸ್‌ನಲ್ಲಿ ಬಂದಿರುವಾಗ, ಗರ್ಭ ಹೊತ್ತ ಆನೆಯ ದೂರು ಎಷ್ಟು ಭಾರವಾಗಿರಬೇಡ!

ನಾವು ಮಾಡಬೇಕಾದುದೇನು?

ಮೊದಲನೆಯದಾಗಿ, ನಿಮ್ಮ ಜೀವವನ್ನು ಕಾಪಾಡಿಕೊಳ್ಳಿ. ಆನೆ ಓಡಾಡುತ್ತಿರುವ ಸುದ್ದಿ ಇರುವಾಗ ಕತ್ತಲಲ್ಲಿ ಒಬ್ಬರೇ ಮಸೀದಿಗೆ ಹೊರಡುವುದು ಧೈರ್ಯವೂ ಅಲ್ಲ, ಭಕ್ತಿಯೂ ಅಲ್ಲ. ಜೀವಭಯ ಜಮಾಅತ್ ನಮಾಝ್ ಬಿಡಲು ಶರೀಅತ್ ಒಪ್ಪಿದ ಕಾರಣ. ಮನೆಯಲ್ಲೇ ನಮಾಝ್ ಮಾಡಿ, ಪ್ರತಿಫಲ ಕೊಡುವವನು ನಿಮ್ಮ ಸ್ಥಿತಿಯನ್ನು ಬಲ್ಲನು. ಆನೆ ಇರುವ ಜಾಗವನ್ನು ಅರಣ್ಯ ಇಲಾಖೆ ಮೊಬೈಲ್ ಸಂದೇಶಗಳ ಮೂಲಕ ತಿಳಿಸುವ ವ್ಯವಸ್ಥೆ ಹಾಸನ, ಕೊಡಗುಗಳಲ್ಲಿದೆ. ಜಮಾಅತ್ ಸಮಿತಿಗಳು ಆ ಸಂದೇಶವನ್ನು ತಮ್ಮ ವಾಟ್ಸಾಪ್ ಗುಂಪಿನಲ್ಲಿ ಹಂಚಿದರೆ, ಅಂತಹ ದಿನ ಮದ್ರಸಾದ ಹೊತ್ತನ್ನು ಬೆಳಕು ಹರಿದ ಬಳಿಕಕ್ಕೆ ಮುಂದೂಡಿದರೆ ಒಂದು ಮಗುವಿನ ಜೀವ ಉಳಿಯಬಹುದು. ಒಂದು ಜೀವವನ್ನು ಉಳಿಸುವುದು ಎಷ್ಟು ದೊಡ್ಡ ಪುಣ್ಯವೆಂದು ನಿಮಗೆ ಹೇಳಬೇಕಾಗಿಲ್ಲ.

ಎರಡನೆಯದಾಗಿ, ಬೆಳೆ ಕಳಕೊಂಡವರನ್ನು ಒಂಟಿಯಾಗಿ ಬಿಡಬೇಡಿ. ಮುಸ್ಲಿಮನು ನೆಟ್ಟದ್ದರಿಂದ ಮನುಷ್ಯರು, ಹಕ್ಕಿಗಳು, ಕಾಡುಮೃಗಗಳು ತಿಂದರೂ ಅದು ಅವನ ಪಾಲಿಗೆ ದಾನವಾಗುತ್ತದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಷ್ಟ ಹೊಂದಿದವನು ಇದನ್ನು ನೆನೆದು ಸಮಾಧಾನ ಪಡಬಹುದು. ಆದರೆ ಏನೂ ಕಳಕೊಳ್ಳದ ನೆರೆಯವನು ಈ ಹದೀಸನ್ನು ಬಡ ರೈತನಿಗೆ ಕೇಳಿಸಿ ತನ್ನ ಮನೆಗೆ ಹೋಗುವುದು ಸಲ್ಲದು. ಸರಕಾರದ ಪರಿಹಾರವಿದೆ. ಫೋಟೋ, ಪಹಣಿ, ಅರ್ಜಿ ಎಂದು ಅಲೆಯುವಷ್ಟರಲ್ಲಿ ಓದು ಬಾರದವನು ಸೋತುಬಿಡುತ್ತಾನೆ. ನಮ್ಮ ವಿದ್ಯಾವಂತ ಯುವಕರು ಆ ಅರ್ಜಿಯನ್ನು ಬರೆದುಕೊಡಲಿ. ಸೋಲಾರ್ ಬೇಲಿಗೆ ನಾಲ್ಕು ಮನೆಯವರು ಸೇರಿ ಹಣ ಹಾಕಲಿ. ಹಸಿದವನಿಗೆ ಆಸರೆ ಸಿಕ್ಕರೆ ಕಳ್ಳ ತಂತಿಗೆ ಕೈಹಾಕುವುದಿಲ್ಲ. ಹಲಸು ಹಣ್ಣಾಗುವ ಮುನ್ನ ಇಳಿಸುವುದು, ಭತ್ತ-ಉಪ್ಪುಗಳನ್ನು ಅಂಗಳದ ಶೆಡ್ಡಿನಲ್ಲಿ ಇಡದಿರುವುದು, ಇವೂ ಮುನ್ನೆಚ್ಚರಿಕೆಗಳೇ.

ಮೂರನೆಯದಾಗಿ, ದಾರಿಯ ಹಕ್ಕನ್ನು ಕೊಡಿ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಸಂಚಾರ ನಿಷೇಧಿಸಲಾಯಿತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ವಯನಾಡಿಗೆ ಮದುವೆಗೆಂದೋ ವ್ಯಾಪಾರಕ್ಕೆಂದೋ ಹೋಗುವ ನಮ್ಮ ಎಷ್ಟೋ ಕುಟುಂಬಗಳು ಈ ನಿಷೇಧಕ್ಕೆ ಗೊಣಗುತ್ತವೆ. ಗೊಣಗುವ ಮುನ್ನ ಸಾಲಿಹ್ ಪ್ರವಾದಿಯ ಒಂಟೆಯನ್ನು ನೆನೆಯಿರಿ. ಹಗಲು ನಮ್ಮ ಸರದಿ, ರಾತ್ರಿ ಅವುಗಳ ಸರದಿ. ಇದಕ್ಕಿಂತ ಹೆಚ್ಚೇನು ಅವು ಕೇಳುತ್ತಿವೆ? ಹಗಲಿನಲ್ಲಿ ಹೋಗುವಾಗಲೂ ವೇಗ ಕಡಿಮೆಯಿರಲಿ. ಗಾಡಿ ನಿಲ್ಲಿಸಿ ಫೋಟೋ ತೆಗೆಯುವುದು, ಬಿಸ್ಕತ್ತು ಎಸೆಯುವುದು, ಬಿರಿಯಾನಿಯ ಪ್ಲಾಸ್ಟಿಕ್ ಪೊಟ್ಟಣಗಳನ್ನು ಕಾಡಿಗೆ ಬಿಸಾಡುವುದು ಬೇಡ. ದಾರಿಯಿಂದ ತೊಂದರೆಯನ್ನು ಸರಿಸುವುದು ಈಮಾನಿನ ಒಂದು ಶಾಖೆಯಾಗಿರುವಾಗ, ದಾರಿಗೆ ತೊಂದರೆ ಎಸೆಯುವುದು ಯಾವುದರ ಶಾಖೆ?

ನಾಲ್ಕನೆಯದಾಗಿ, ಹಣವಿರುವವರಲ್ಲಿ ಒಂದು ವಿನಂತಿ. ಗಲ್ಫ್ ದೇಶಗಳಲ್ಲಿ ಬೆವರು ಸುರಿಸಿದ ದುಡ್ಡಿನಿಂದ ಊರಿನಲ್ಲಿ ಜಾಗ ಕೊಳ್ಳುವುದು ಒಳ್ಳೆಯದೇ. ಆದರೆ ಕಾಡಂಚಿನಲ್ಲಿ, ಆನೆ ನಡೆಯುವ ದಾರಿಯಲ್ಲಿ ರೆಸಾರ್ಟ್ ಕಟ್ಟಿ ಬೇಲಿ ಹಾಕುವ ಮುನ್ನ ಎರಡು ಸಲ ಆಲೋಚಿಸಿ. ಕಾಗದಪತ್ರ ಸರಿಯಿದ್ದರೆ ಕಾನೂನಿನ ಹೊಣೆ ತೀರಬಹುದು, ನೆರೆಯವನ ಹಕ್ಕು ತೀರುವುದಿಲ್ಲ. ಇದಕ್ಕೆ ವ್ಯತಿರಿಕ್ತವಾದ ಮಾದರಿಯೂ ಇದೆ. ಬಿಳಿಗಿರಿರಂಗನ ಬೆಟ್ಟಕ್ಕೂ ಮಲೆ ಮಹದೇಶ್ವರ ಬೆಟ್ಟಕ್ಕೂ ನಡುವೆ ಎಡೆಯಾರಳ್ಳಿ–ದೊಡ್ಡಸಂಪಿಗೆ ಎಂಬ ಆನೆ ದಾರಿಯಿದೆ. ಅಲ್ಲಿ ವನ್ಯಜೀವಿ ಸಂಸ್ಥೆಯೊಂದು ರೈತರಿಗೆ ಬೆಲೆ ಕೊಟ್ಟು ಸುಮಾರು 25 ಎಕರೆ ಕೊಂಡು ಕಾಡಿಗಾಗಿ ಸರಕಾರಕ್ಕೆ ಒಪ್ಪಿಸಿತು. ವಕ್ಫ್ ಎಂದರೇನೆಂದು ಜಗತ್ತಿಗೆ ಕಲಿಸಿದ ಸಮುದಾಯ ನಮ್ಮದು. ಮದೀನಾದ ಎರಡು ಕಲ್ಲುನೆಲಗಳ ನಡುವಿನ ಜಾಗವನ್ನು ಪ್ರವಾದಿವರ್ಯರು(ಸ) ಪವಿತ್ರವೆಂದು ಘೋಷಿಸಿ, ಅಲ್ಲಿ ಬೇಟೆಯಾಡುವುದನ್ನೂ ಮರ ಕಡಿಯುವುದನ್ನೂ ತಡೆದಿದ್ದರು. ಆ ಸುನ್ನತ್‌ನ್ನು ಬೇರೆಯವರು ಅರಿಯದೆ ಪಾಲಿಸುತ್ತಿರುವಾಗ ಅರಿತ ನಾವು ಸುಮ್ಮನಿರುವುದು ತರವೇ?

ಕೊನೆಯದಾಗಿ, ವುದೂವಿನ ಪಾಠ ಕಲಿಯುವ ಮಕ್ಕಳಿಗೂ ಗೊತ್ತಿರಬೇಕಾದ ಒಂದು ವಿಧಿ. ನಿಮ್ಮ ಬಳಿ ಸ್ವಲ್ಪವೇ ನೀರಿದೆ. ನಮಾಝಿನ ಹೊತ್ತಾಗಿದೆ. ಪಕ್ಕದಲ್ಲಿ ಬಾಯಾರಿದ ಪ್ರಾಣಿಯೊಂದಿದೆ. ಆಗ ನೀರು ಪ್ರಾಣಿಗೆ, ನಿಮಗೆ ತಯಮ್ಮುಮ್. ಹೀಗೆ ನಮ್ಮ ಶಾಫಿಈ ಗ್ರಂಥಗಳಲ್ಲಿದೆ. ನಮಾಝ್ ನಮ್ಮ ಧರ್ಮದ ಸ್ತಂಭ. ಅದರ ಶುದ್ಧಿಗೆ ಬೇಕಾದ ನೀರನ್ನೇ ಬಾಯಾರಿದ ಜೀವಕ್ಕಾಗಿ ಬಿಟ್ಟುಕೊಡುವಂತೆ ಕಲಿಸಿದ ಧರ್ಮವಿದು. ಹಾಗಿರುವಾಗ ಆಡಂಬರಕ್ಕಾಗಿ, ಅವಸರಕ್ಕಾಗಿ, ಇನ್ನೊಂದು ತುಂಡು ಜಾಗಕ್ಕಾಗಿ ಅದೇ ಜೀವದ ನೀರು ಕಸಿಯಲು ನಮಗೆ ಎಲ್ಲಿಂದ ಅನುಮತಿ ಸಿಕ್ಕಿತು?

ಸಹೋದರರೇ, ಸಹೋದರಿಯರೇ, ನಾವು ಈ ಭೂಮಿಯ ಒಡೆಯರಲ್ಲ, ಪ್ರತಿನಿಧಿಗಳು. ಪ್ರತಿನಿಧಿಯ ಕೈಯಲ್ಲಿರುವುದೆಲ್ಲವೂ ಅಮಾನತ್. ಯೂಫ್ರೆಟಿಸ್ ನದಿಯ ದಡದಲ್ಲಿ ಒಂದು ಕುರಿಮರಿ ಅನಾಥವಾಗಿ ಸತ್ತರೂ ಅಲ್ಲಾಹನು ತನ್ನಲ್ಲಿ ಕೇಳುವನೆಂದು ಹ. ಉಮರ್(ರ) ಅಂಜುತ್ತಿದ್ದರೆಂದು ವರದಿಯಾಗಿದೆ. ಮದೀನಾದಲ್ಲಿದ್ದವರಿಗೆ ಯೂಫ್ರೆಟಿಸ್ ಎಷ್ಟು ದೂರ! ಕಬಿನಿಯೂ ಹೇಮಾವತಿಯೂ ನಮಗೆ ಎಷ್ಟು ಹತ್ತಿರ!

ಅಲ್ಲಾಹನು ನಮ್ಮ ಕಾಡಂಚಿನ ಸಹೋದರರ ಜೀವವನ್ನೂ ಬೆಳೆಯನ್ನೂ ಕಾಪಾಡಲಿ. ಅವರ ನಷ್ಟವನ್ನು ಉತ್ತಮವಾದುದರಿಂದ ತುಂಬಿಕೊಡಲಿ. ಮೂಕಜೀವಿಗಳ ವಿಷಯದಲ್ಲಿ ನಮ್ಮಿಂದ ಅನ್ಯಾಯ ನಡೆಯದಂತೆ ನಮ್ಮ ಕೈಗಳನ್ನು ತಡೆಯಲಿ. ಸಮಯಕ್ಕೆ ಸರಿಯಾಗಿ ಮಳೆಯನ್ನು ಅನುಗ್ರಹಿಸಲಿ. ಸಮೂದರಂತೆ ಎಚ್ಚರಿಕೆ ಕೇಳಿಯೂ ಕೇಳದವರ ಸಾಲಿನಲ್ಲಿ ನಮ್ಮನ್ನು ಸೇರಿಸದಿರಲಿ. ಆಮೀನ್.